91 ಮಿಕ್ಸ್‌ಗಳಲ್ಲಿ ಎರಡನೆಯದು

ಪ್ರಶ್ನೆ: ನಾನು ಸೌಂಡ್ ಎಂಜಿನಿಯರಿಂಗ್ ಕಲಿಯುತ್ತಿದ್ದೇನೆ. ಮೈಕಲ್ ಜಾಕ್ಸನ್ ಅವರ ಆಲ್ಬಂಗಳ ಎಂಜಿನಿಯರ್ ಬ್ರೂಸ್ ಸ್ವೀಡಿಯನ್ ತಮ್ಮ ನೆನಪುಗಳಲ್ಲಿ ಪ್ರೊಡ್ಯೂಸರ್ ಕ್ವಿನ್ಸಿ ಜೋನ್ಸ್ ಅವರನ್ನು ಬಹಳ ಗೌರವದಿಂದ ಸ್ಮರಿಸುತ್ತಾರೆ. ಮೈಕ್ ಇಡುವುದು, ಧ್ವನಿ ಹಿಡಿಯುವುದು, ಹಿಡಿದ ಸದ್ದುಗಳನ್ನು ಹದವಾಗಿ ಬೆರೆಸಿ ಮಿಕ್ಸ್ ಮಾಡುವುದು ಎಲ್ಲವೂ ಎಂಜಿನಿಯರ್ ಕೆಲಸವಾಗಿರುವಾಗ, ಪ್ರೊಡ್ಯೂಸರ್ ಮಾಡುತ್ತಿದ್ದುದಾದರೂ ಏನು?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಈ ಇಬ್ಬರ ಒಡನಾಟ ಆರಂಭವಾದದ್ದು 1950ರ ದಶಕದ ಕೊನೆಯಲ್ಲಿ, ಷಿಕಾಗೊದ ಯೂನಿವರ್ಸಲ್ ಸ್ಟುಡಿಯೊದಲ್ಲಿ, ಗಾಯಕಿ ಡೈನಾ ವಾಷಿಂಗ್ಟನ್ ಅವರ ಹಾಡುಗಳ ಧ್ವನಿಮುದ್ರಣದ ದಿನಗಳಲ್ಲಿ. ಕ್ವಿನ್ಸಿ ಜಾಝ್ ತಂಡಗಳಲ್ಲಿ ಟ್ರಂಪೆಟ್ ನುಡಿಸಿದ್ದವರು, ಪ್ಯಾರಿಸ್ಸಿನಲ್ಲಿ ನಾದಿಯಾ ಬುಲಾಂಜೆ ಅವರ ಬಳಿ ಸಂಗೀತರಚನೆಯನ್ನು ಅಭ್ಯಾಸ ಮಾಡಿದ್ದವರು. ಯಾವ ವಾದ್ಯ ಎಲ್ಲಿ ನುಡಿಯಬೇಕು, ಎಲ್ಲಿ ಸುಮ್ಮನಿರಬೇಕು ಎಂಬುದನ್ನು ಸ್ವರಗಳನ್ನು ಬರೆಯುವಾಗಲೇ ನಿರ್ಧರಿಸಬಲ್ಲವರ ಜೊತೆ ಕೆಲಸ ಮಾಡುವ ಎಂಜಿನಿಯರಿಗೆ, ಒಂದರ ಮೇಲೊಂದು ಬಿದ್ದ ಸದ್ದುಗಳನ್ನು ಮಿಕ್ಸಿಂಗ್ ಮೇಜಿನ ಮುಂದೆ ಕೂತು ಬಿಡಿಸುವ ಕಷ್ಟ ಅರ್ಧದಷ್ಟು ಕಡಿಮೆಯಾಗುತ್ತದೆ. ನನ್ನ ದೃಷ್ಟಿಯಲ್ಲಿ ಕ್ವಿನ್ಸಿಯವರ ಮೊದಲ ದೊಡ್ಡ ಕೊಡುಗೆ ಇದೇ. ಕೇಳುಗರಿಗೆ ಅದು ಕಾಣಿಸುವುದಿಲ್ಲವಾದ್ದರಿಂದ ಅದರ ಬಗ್ಗೆ ಮಾತು ಕಡಿಮೆ.

ಎರಡನೆಯದು ಆಯ್ಕೆ. 1982ರ ‘ಥ್ರಿಲ್ಲರ್’ ಆಲ್ಬಂ ಲಾಸ್ ಏಂಜಲೀಸ್‌ನ ವೆಸ್ಟ್‌ಲೇಕ್ ಸ್ಟುಡಿಯೊದಲ್ಲಿ ಸಿದ್ಧವಾಗುತ್ತಿದ್ದಾಗ, ‘ಬಿಲ್ಲಿ ಜೀನ್’ ಹಾಡಿನ ಎರಡನೆಯ ಮಿಕ್ಸ್ ಸ್ವೀಡಿಯನ್ ಅವರಿಗೆ ತೃಪ್ತಿ ತಂದಿತ್ತು. ಆಮೇಲೆ ಇದನ್ನಿಷ್ಟು ಏರಿಸಿ, ಅದನ್ನಿಷ್ಟು ಇಳಿಸಿ ಎನ್ನುತ್ತ ತಿದ್ದುಪಡಿಗಳು ಬೆಳೆದು, ಮಿಕ್ಸ್‌ಗಳ ಸಂಖ್ಯೆ 91ಕ್ಕೆ ಮುಟ್ಟಿತು. ಆಗ ಕ್ವಿನ್ಸಿಯವರು ಮೊದಮೊದಲಿನ ಮಿಕ್ಸ್‌ಗಳನ್ನು ಇನ್ನೊಮ್ಮೆ ಕೇಳೋಣವೆಂದರು. ಕೊನೆಗೆ ಬಿಡುಗಡೆಯಾದದ್ದು ಎರಡನೆಯದೇ. ಸ್ವೀಡಿಯನ್ ಈ ಪ್ರಸಂಗವನ್ನು ಮತ್ತೆ ಮತ್ತೆ ಹೇಳಿಕೊಂಡಿದ್ದಾರೆ. ದಿನಗಟ್ಟಲೆ ಒಂದೇ ಹಾಡನ್ನು ಕೇಳಿದ ಕಿವಿ ಸಣ್ಣಪುಟ್ಟ ವಿವರಗಳಿಗೆ ಚುರುಕಾಗುತ್ತದೆ, ಆದರೆ ಹಾಡಿನ ಒಟ್ಟು ಕಸುವನ್ನು ಅಳೆಯುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಆ ಹೊತ್ತಿನಲ್ಲಿ ಹಿಂದಕ್ಕೆ ಹೋಗಿ ಕೇಳೋಣವೆನ್ನಲು ಅಧಿಕಾರವೂ ಬೇಕು, ಧೈರ್ಯವೂ ಬೇಕು.

ಹಾಗೆಂದು ಪ್ರೊಡ್ಯೂಸರ್ ಹೇಳಿದ್ದೆಲ್ಲ ನಡೆಯುತ್ತಿತ್ತೆಂದು ತಿಳಿಯಬಾರದು. ಅದೇ ಹಾಡಿನ ಆರಂಭದಲ್ಲಿ ಸುಮಾರು ಅರ್ಧ ನಿಮಿಷ ಹಾಡುಗಾರಿಕೆಯೇ ಇಲ್ಲ, ಅದನ್ನು ಕತ್ತರಿಸಬೇಕೆಂಬುದು ಕ್ವಿನ್ಸಿಯವರ ಅಭಿಪ್ರಾಯವಾಗಿತ್ತು. ಅದನ್ನು ಕೇಳಿದರೆ ತನಗೆ ಕುಣಿಯಬೇಕೆನಿಸುತ್ತದೆ ಎಂದು ಜಾಕ್ಸನ್ ಹೇಳಿದ ಮೇಲೆ ಅವರು ಪಟ್ಟುಬಿಟ್ಟರು. ಎಲ್ಲಿ ಬಿಟ್ಟುಕೊಡಬೇಕೆಂದು ಅರಿತಿದ್ದುದನ್ನು ಅವರ ಪ್ರತಿಭೆಯ ಭಾಗವೆಂದೇ ನಾನು ಎಣಿಸುತ್ತೇನೆ.

ನಿಮ್ಮ ಕಲಿಕೆಗೆ ನೇರವಾಗಿ ಒದಗುವ ಇನ್ನೊಂದು ಸಂಗತಿಯಿದೆ. ‘ಥ್ರಿಲ್ಲರ್’ ಮುಗಿಯಿತೆಂದು ಎಲ್ಲರೂ ಭಾವಿಸಿ ಎಲ್‌ಪಿಗೆ (ಗ್ರಾಮೊಫೋನ್ ತಟ್ಟೆಗೆ) ಕೆತ್ತಿಸಿ ಕೇಳಿದಾಗ ಸದ್ದು ಸೊರಗಿತ್ತು. ಎಲ್‌ಪಿಯ ಒಂದು ಮಗ್ಗುಲಲ್ಲಿ ಹೆಚ್ಚು ನಿಮಿಷಗಳ ಸಂಗೀತ ತುಂಬಿದಷ್ಟೂ ಗೆರೆಗಳು ಒತ್ತೊತ್ತಾಗುತ್ತವೆ. ಪಕ್ಕದ ಗೆರೆಗೆ ತಾಗದಂತೆ ಸದ್ದಿನ ಮಟ್ಟವನ್ನೂ ಬೇಸ್ (ತಗ್ಗಿನ ಸ್ವರಗಳ ಸದ್ದು) ಅನ್ನೂ ತಗ್ಗಿಸಿಯೇ ಕೆತ್ತಬೇಕಾಗುತ್ತದೆ. ತಪ್ಪು ಮಿಕ್ಸ್‌ನದಲ್ಲ, ಉದ್ದದ್ದು. ರೆಕಾರ್ಡ್ ಕಂಪನಿ ಆಲ್ಬಂಗಾಗಿ ಕಾದಿದ್ದರೂ ಕ್ವಿನ್ಸಿಯವರು ಬಿಡುಗಡೆಗೆ ಒಪ್ಪದೆ, ಹಾಡುಗಳನ್ನು ಚಿಕ್ಕದಾಗಿಸಿ ಒಂದೊಂದನ್ನೇ ಮತ್ತೆ ಮಿಕ್ಸ್ ಮಾಡಿಸಿದರು. ಭೌತಿಕ ಕಾರಣವನ್ನು ಎಂಜಿನಿಯರ್ ವಿವರಿಸಬಲ್ಲ; ಸಿದ್ಧವಾದ ಸಂಗೀತವನ್ನು ಕತ್ತರಿಸುವ ಹೊಣೆಯನ್ನು ಹೊರಬೇಕಾದವರು ಪ್ರೊಡ್ಯೂಸರ್.

ಪ್ರಶ್ನೆ: ಜಾಕ್ಸನ್ ಹಾಡುತ್ತ ಕುಣಿದ ಸದ್ದೂ ಆ ಮುದ್ರಣಗಳಲ್ಲಿ ಉಳಿದಿದೆಯಂತೆ, ನಿಜವೇ?
– ಇನ್ನೊಬ್ಬ ಓದುಗರು, ಧಾರವಾಡ

ಉತ್ತರ: ನಿಜ. ಸ್ವೀಡಿಯನ್ ಹೇಳುವಂತೆ ಜಾಕ್ಸನ್ ದೀಪಗಳನ್ನು ಆರಿಸಿಕೊಂಡು ಹಾಡುತ್ತಿದ್ದರು. ಹೆಜ್ಜೆ ಹಾಕುವುದು, ಚಿಟಿಕೆ ಹೊಡೆಯುವುದು ಹಾಡಿನ ಜೊತೆಗೇ ನಡೆಯುತ್ತಿತ್ತು. ಅದನ್ನು ತಡೆಯುವ ಬದಲು ಸ್ವೀಡಿಯನ್, ಜಾಕ್ಸನ್ ಅವರನ್ನು ಮರದ ವೇದಿಕೆಯ ಮೇಲೆ ನಿಲ್ಲಿಸಿ, ಆ ಸದ್ದುಗಳನ್ನೂ ಹಾಡಿನ ಅಂಗವಾಗಿ ಹಿಡಿದರು. ಹಿನ್ನೆಲೆಯ ದನಿಗಳನ್ನು ಪದರ ಪದರವಾಗಿ ಮುದ್ರಿಸುವಾಗ ಪ್ರತಿ ಸಲವೂ ಜಾಕ್ಸನ್ ಅವರನ್ನು ಮೈಕಿನಿಂದ ತುಸು ಹಿಂದೆ ಸರಿಸಿ, ಮಟ್ಟವನ್ನು ಅಷ್ಟೇ ಏರಿಸಿ, ಕೋಣೆಯ ಗೋಡೆಗಳಿಂದ ಮರಳುವ ಅನುರಣನವನ್ನೂ ಸೇರಿಸಿಕೊಳ್ಳುತ್ತಿದ್ದರು. ಒಬ್ಬನೇ ಗಾಯಕನ ದನಿ ಗುಂಪಿನ ದನಿಯಂತೆ ಕೇಳಿಸುವುದಕ್ಕೆ ಇದೂ ಒಂದು ಕಾರಣ. ಸ್ಟುಡಿಯೊದಲ್ಲಿ ಸ್ವಚ್ಛತೆಗಾಗಿ ಹಟ ಹಿಡಿಯುವ ಪ್ರೊಡ್ಯೂಸರ್ ಇದ್ದಿದ್ದರೆ ಆ ಚಿಟಿಕೆಗಳೂ ಹೆಜ್ಜೆಗಳೂ ಟೇಪಿನಿಂದ ಅಳಿದುಹೋಗುತ್ತಿದ್ದವು. ಒಳ್ಳೆಯ ಹೆಡ್‌ಫೋನ್ ಇದ್ದರೆ ಹಾಡಿನ ಸಾಲುಗಳ ನಡುವಿನ ಬಿಡುವುಗಳಲ್ಲಿ ಇವತ್ತಿಗೂ ಅವುಗಳನ್ನು ಗುರುತಿಸಬಹುದು.