ವಾರವಾರ ಅಂಕಣಕ್ಕೆ ವಿಷಯ ಎಲ್ಲಿಂದ ತರೋದು?

ಹುಬ್ಬಳ್ಳಿಯ ಪತ್ರಿಕೆಗೆ ವಾರಕ್ಕೊಂದು ಅಂಕಣ ಒಪ್ಪಿಕೊಂಡಿದ್ದೀರಿ. ವಿಷಯ ಬೇಗ ಖಾಲಿಯಾದರೆ ಹೇಗೆ ಅಂತ ಕೇಳಿದ್ದೀರಿ. ಖಾಲಿಯಾಗೋದಿಲ್ಲ ಸರ್, ಹೆದರಬೇಡಿ.

ಶಿಕಾಗೊದ ಮೈಕ್ ರಾಯ್ಕೊ ಅವರನ್ನೇ ನೋಡಿ. ಬಹುಕಾಲ ವಾರಕ್ಕೆ ಐದು ಅಂಕಣ ಬರೆದರು. 30 ವರ್ಷಕ್ಕಿಂತ ಜಾಸ್ತಿ ಅದೇ ಕೆಲಸ! ಅವರ ಮನೆಯವರು ಬಾರ್ ನಡೆಸುತ್ತಿದ್ದರು, ವಾಸ ಅದರ ಮೇಲೆಯೇ. ಅಲ್ಲಿ ಕೇಳಿಸಿಕೊಂಡ ದುಡಿಯುವ ಜನರ ಮಾತಿನ ಧಾಟಿ ಬರಹದಲ್ಲೂ ಉಳಿಯಿತು. ಮೇಯರ್ ರಿಚರ್ಡ್ ಡೇಲಿ ಅವರನ್ನೂ ಬಿಡದೆ ಟೀಕಿಸಿದರು. 1972ರಲ್ಲಿ ಪುಲಿಟ್ಜರ್ ಪ್ರಶಸ್ತಿ ಬಂತು. ನನಗೆ ಅದಕ್ಕಿಂತ ಇಷ್ಟ ಅವರು ಕಟ್ಟಿದ ಸ್ಲಾಟ್ಸ್ ಗ್ರೋಬ್ನಿಕ್ ಎಂಬ ಪಾತ್ರ. ಓಣಿಯ ಸಾಮಾನ್ಯನ ಸಿಟ್ಟು, ತಮಾಷೆ ಎಲ್ಲ ಅವನ ಬಾಯಲ್ಲಿ ಬರುತ್ತಿತ್ತು. ನೀವೂ ದುರ್ಗದಬೈಲಿನಲ್ಲಿ ಗಿರ್ಮಿಟ್ ತಿನ್ನುತ್ತಾ ಊರ ಸುದ್ದಿ ಹೇಳುವ ಒಬ್ಬ ಕಾಕಾನನ್ನು ಸೃಷ್ಟಿಸಿ. ಅರ್ಧ ಕೆಲಸ ಅವನೇ ಮಾಡುತ್ತಾನೆ.

ನಮ್ಮ ಪಾಟೀಲ ಪುಟ್ಟಪ್ಪನವರೂ ಇಲ್ಲೇ 'ಪ್ರಪಂಚ' ವಾರಪತ್ರಿಕೆ ನಡೆಸಿದವರಲ್ವಾ? ಅವರ ನಿಷ್ಠುರ ಮಾತು ಇವತ್ತಿಗೂ ಬೇಕು.

ಸುಮ್ನೆ ಮನೆಯಲ್ಲಿ ಕೂತು ಬರೆಯಬೇಡಿ. ಚಿಗರಿ ಬಸ್ಸಿನಲ್ಲಿ ಧಾರವಾಡಕ್ಕೆ ಹೋಗಿ ಬನ್ನಿ, ಪಾಲಿಕೆಯ ಸಾಲಿನಲ್ಲಿ ನಿಂತವರನ್ನು ಮಾತಾಡಿಸಿ. ಯಾರನ್ನು ಟೀಕಿಸುತ್ತೀರೋ ಅವರಿಗೂ ಮೊದಲೇ ಫೋನ್ ಮಾಡಿ, ಅವರ ಉತ್ತರವನ್ನೂ ಬರೆಯಿರಿ. ಒಂದೆರಡು ಅಂಕಣ ಮುಂಚಿತವಾಗಿ ಬರೆದಿಟ್ಟುಕೊಳ್ಳಿ, ಜ್ವರ ಬಂದ ವಾರಕ್ಕೆ ಬೇಕಾಗುತ್ತದೆ.