ಎಣ್ಣೆ ಬಿಡಿ, ಹಿಂಡಿಯ ಕಥೆ ಬರೆಯಿರಿ

ಚಳ್ಳಕೆರೆಯ ಗೆಳೆಯರಿಗೆ, ದಾವಣಗೆರೆಯಿಂದ ನಮಸ್ಕಾರ.

ನಮ್ಮ ವಿಜ್ಞಾನ ಪುಟಕ್ಕೆ ನೀವು ಕಳಿಸಿದ ‘ಅನಂತ ವಿಶ್ವದ ಅಗೋಚರ ದೂತರು’ ಲೇಖನವನ್ನು, ಅಂದರೆ ಬಾಹ್ಯಾಕಾಶದಿಂದ ಬರುವ ಎಲೆಕ್ಟ್ರಾನುಗಳ ಕಥೆಯನ್ನು, ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಬೇಜಾರು ಮಾಡ್ಕೋಬೇಡಿ, ಇದರೊಳಗೆ ಒಂದು ಒಳ್ಳೆಯ ಲೇಖನ ಇದೆ. ಮೂರನೇ ಪುಟದಲ್ಲಿ ಅವಿತು ಕೂತಿದೆ.

ಮೊದಲ ಎರಡು ಪುಟ ಪೂರ್ತಿ ತೆಗೆಯಿರಿ. ವಿಶ್ವ ದೊಡ್ಡದು, ಮನುಷ್ಯ ಸಣ್ಣವನು. ಸರಿ, ಯಾರು ಇಲ್ಲ ಅಂದರು? (ಶೀರ್ಷಿಕೆಯೂ ಹೋಗಲಿ.)

ಮೂರನೇ ಪುಟದಲ್ಲಿ ಹೀಗೆ ಬರೆದಿದ್ದೀರಿ: ‘ಫರ್ಮಿ ಟೆಲಿಸ್ಕೋಪಿಗೆ ಎಲೆಕ್ಟ್ರಾನು ಅಂದರೆ ನಮ್ಮ ಮಿಲ್ಲಿನ ಶೇಂಗಾ ಹಿಂಡಿ ಇದ್ದ ಹಾಗೆ.’ ಇಷ್ಟು ಹೇಳಿ ಮುಂದೆ ಓಡಿಬಿಟ್ಟಿದ್ದೀರಿ. ಅಲ್ಲೇ ನಿಲ್ಲಬೇಕಿತ್ತು, ಅಲ್ವಾ? 2008ರ ಜೂನ್ 11ರಂದು ಫರ್ಮಿ ಬಾಹ್ಯಾಕಾಶಕ್ಕೆ ಹೋಗಿದ್ದು ಗಾಮಾ ಕಿರಣ, ಅಂದರೆ ಅತಿ ಹೆಚ್ಚು ಶಕ್ತಿಯ ಬೆಳಕು, ಹಿಡಿಯಲು. ಅದಕ್ಕೆ ಎಣ್ಣೆ ಅಂದರೆ ಅದೇ. ಅದಕ್ಕೆ ಹೊದಿಸಿದ ಪ್ಲಾಸ್ಟಿಕ್ ಬಿಲ್ಲೆಗಳ ಕೆಲಸವೇ ವಿದ್ಯುದಾವೇಶದ ಕಣ ಒಳಗೆ ನುಗ್ಗಿದಾಗ ಮಿನುಗಿ, ಇದು ಗಾಮಾ ಅಲ್ಲ ಎಂದು ತಿಳಿಸುವುದು. ಹಾಗೆ ಬೇಡವಾದ ಮಾಲಿನಿಂದಲೇ ಮೊದಲ ಆರು ತಿಂಗಳಲ್ಲಿ 40 ಲಕ್ಷಕ್ಕೂ ಜಾಸ್ತಿ ಎಲೆಕ್ಟ್ರಾನುಗಳನ್ನು ಆರಿಸಿದರು. ಹಿಂಡಿಗೂ ಒಳ್ಳೆ ರೇಟು ಬಂತು!

ಆರಿಸಿದ್ದು ಹೇಗೆ? ‘ಸುಧಾರಿತ ತಂತ್ರಜ್ಞಾನದ ಮೂಲಕ’ ಎನ್ನುತ್ತೀರಿ. ಇದು ಸುಮ್ನೆ ಜಾರಿಕೊಳ್ಳುವ ಮಾತು. ಬರುವ ಕಣಗಳಲ್ಲಿ ಪ್ರೋಟಾನುಗಳೇ ನೂರಾರು ಪಟ್ಟು ಜಾಸ್ತಿ. ಯಾವುದೇ ಬಂದರೂ ಒಳಗೆ ಡಿಕ್ಕಿ ಹೊಡೆದು ಹೊಸ ಕಣಗಳ ಸುರಿಮಳೆ ಎಬ್ಬಿಸಬಹುದು, ಅದರ ಗುರುತು ಸೀಸಿಯಂ ಅಯೊಡೈಡ್ ಹರಳುಗಳಲ್ಲಿ ಉಳಿಯುತ್ತದೆ. ಎಲೆಕ್ಟ್ರಾನಿನ ಮಳೆ ಸಣ್ಣಗೆ, ಅಚ್ಚುಕಟ್ಟು. ಪ್ರೋಟಾನಿನದು ಅಗಲ, ಅಡ್ಡಾದಿಡ್ಡಿ. ಆ ಆಕಾರ ನೋಡಿಯೇ ಬೇರೆ ಮಾಡುವುದು. ಇದಕ್ಕೆ ಒಂದಿಡೀ ಪುಟ ಕೊಡಿ.

ತಪ್ಪುಗಳೂ ಇವೆ. ‘ಈ ಎಲೆಕ್ಟ್ರಾನು ವೇಲಾ ಪಲ್ಸಾರಿನಿಂದ ಬಂದದ್ದನ್ನು ಟೆಲಿಸ್ಕೋಪು ಕಂಡಿತು’ ಎಂದಿದ್ದೀರಿ (ಪಲ್ಸಾರು ಅಂದರೆ ಗಿರಗಿರನೆ ತಿರುಗುವ, ಸತ್ತ ನಕ್ಷತ್ರದ ಉಳಿಕೆ). ಇಲ್ಲ. ಕಾಂತಕ್ಷೇತ್ರಗಳಲ್ಲಿ ಸುತ್ತಿ ಬಳಸಿ ಬರುವ ಎಲೆಕ್ಟ್ರಾನು ತನ್ನ ಊರು ಹೇಳುವುದಿಲ್ಲ. ಆದರೆ ಅದು ದಾರಿಯುದ್ದಕ್ಕೂ ಶಕ್ತಿ ಕಳೆದುಕೊಳ್ಳುತ್ತದೆ. ಹಾಗಾಗಿ ಟೆರಾ ಎಲೆಕ್ಟ್ರಾನ್ ವೋಲ್ಟಿನಷ್ಟು (ಒಂದು ಕಣಕ್ಕೆ ಅದು ಭಾರೀ ದೊಡ್ಡದು) ಶಕ್ತಿ ಉಳಿಸಿಕೊಂಡು ಬಂದದ್ದು ಕೆಲವು ಸಾವಿರ ಜ್ಯೋತಿರ್ವರ್ಷದ ಒಳಗಿನದೇ ಇರಬೇಕು. ಅಂಟಾರ್ಕ್ಟಿಕಾದ ಮೇಲೆ ಹಾರಿ ಇಂಥ ಎಲೆಕ್ಟ್ರಾನುಗಳನ್ನು ಎಣಿಸಿದ ಅಟಿಕ್ ಬಲೂನಿನ ಲೆಕ್ಕದಿಂದ 2008ರಲ್ಲಿ ಕಪ್ಪುದ್ರವ್ಯ (ಕಣ್ಣಿಗೆ ಕಾಣದ, ಸೆಳೆತದಿಂದಷ್ಟೇ ಗೊತ್ತಾಗುವ ದ್ರವ್ಯ) ಸಾಬೀತಾಯಿತು ಎಂದೂ ಬರೆದಿದ್ದೀರಿ. ಆ ಮಾತಿಗೆ ಆಧಾರವಾಗಿ ಅಟಿಕ್ ತೋರಿಸಿದಷ್ಟು ದೊಡ್ಡ ದಿಬ್ಬ, ಅಂದರೆ ಒಂದು ಶಕ್ತಿಯ ಆಸುಪಾಸಿನಲ್ಲಿ ಎಲೆಕ್ಟ್ರಾನುಗಳ ಎಣಿಕೆ ಉಬ್ಬಿದ್ದು, ಮರುವರ್ಷದ ಫರ್ಮಿ ಲೆಕ್ಕದಲ್ಲಿ ಕಾಣಲೇ ಇಲ್ಲ. ಅದನ್ನು ಬರೆಯಿರಿ.

ಮೂರು ಪುಟ ಮೀರದ ಹಾಗೆ ಮತ್ತೆ ಕಳಿಸಿ. ಹಾಗೇ ಮಿಲ್ಲಿಗೆ ಹೋಗಿ, ಹಿಂಡಿ ಕ್ವಿಂಟಲಿಗೆ ಎಷ್ಟಿದೆ ಅಂತ ಕೇಳಿ, ಅದನ್ನೂ ಸೇರಿಸಿ.