ಥ್ರೆಡ್ ಕೂತರೆ ಸಾಲದು, ಓಮ್ ಕೂಡ ಹೊಂದಬೇಕು

ಪ್ರಶ್ನೆ: ಅಪ್ಪ 1997ರಲ್ಲಿ ಕೊಂಡ ಡೇವೂ ಸಿಯೆಲೊ ಇನ್ನೂ ನಮ್ಮ ಮನೆಯಲ್ಲಿದೆ. ಎಂಜಿನ್ ತಣಿಸುವ ನೀರಿನ ಬಿಸಿ ಅಳೆಯುವ ಕೂಲೆಂಟ್ ಟೆಂಪರೇಚರ್ ಸೆನ್ಸರ್ ಒಡೆದಿತ್ತೆಂದು ಮೆಕ್ಯಾನಿಕ್ ಬೇರೆ ಕಾರಿನದೊಂದು ತಂದು ಹಾಕಿದರು. ಥ್ರೆಡ್, ವೈರ್ ಜೋಡಿಸುವ ಕಪ್ಲರ್ ಎರಡೂ ಸರಿಯಾಗಿ ಕೂತಿವೆ. ಆದರೆ ಅಂದಿನಿಂದ ಚಳಿಯ ಬೆಳಗ್ಗೆ ಬಹಳ ಹೊತ್ತು ಸೆಲ್ಫ್ ಹೊಡೆಯಬೇಕು, ಸ್ಟಾರ್ಟ್ ಆದ ಮೇಲೂ ಎಂಜಿನ್ ನಡುಗುತ್ತದೆ. ಬಿಸಿಯಾದರೆ ಏನೂ ತೊಂದರೆಯಿಲ್ಲ. ಎಂಜಿನ್‌ಗೆ ಹೋಗುವ ಗಾಳಿಯ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ ಕೂಡ ಹೋಗಿದೆ, 4.8 ವೋಲ್ಟ್ ಬರಬೇಕಾದಲ್ಲಿ 4.3 ಬರುತ್ತಿದೆ ಎನ್ನುತ್ತಾರೆ. ಕಂಪನಿಯೇ ಮುಚ್ಚಿರುವಾಗ ಹೊಂದುವ ಸೆನ್ಸರ್ ಎಲ್ಲಿ ಹುಡುಕುವುದು?
– ಓದುಗರೊಬ್ಬರು, ಚಿಕ್ಕಬಳ್ಳಾಪುರ

ಉತ್ತರ: ಮೊದಲು ಮ್ಯಾಪ್ ಸೆನ್ಸರ್ ವಿಷಯ. ದಯವಿಟ್ಟು ಅದನ್ನು ಬಿಚ್ಚಿ ಎಸೆಯಬೇಡಿ. ಸರ್ವಿಸ್ ಪುಸ್ತಕದ 4.8 ವೋಲ್ಟ್ ಸಮುದ್ರಮಟ್ಟದ ಊರಿನ ಲೆಕ್ಕ. ನಿಮ್ಮೂರು ಸಮುದ್ರಮಟ್ಟದಿಂದ 900 ಮೀಟರ್‌ಗೂ ಎತ್ತರದಲ್ಲಿದೆ. ಅಲ್ಲಿ ಗಾಳಿಯ ಒತ್ತಡ ಸುಮಾರು 91 ಕಿಲೋಪ್ಯಾಸ್ಕಲ್. ಎಂಜಿನ್ ಆಫ್ ಇದ್ದು ಕೀ ಮಾತ್ರ ಆನ್ ಮಾಡಿದಾಗ ಇಷ್ಟು ಒತ್ತಡಕ್ಕೆ 4.3 ವೋಲ್ಟ್ ಬರುವುದೇ ಸರಿ. ಎಂಜಿನ್ ಬಿಸಿಯಾಗಿ ಐಡಲ್‌ನಲ್ಲಿರುವಾಗ ಅದು ಒಂದು, ಒಂದೂವರೆ ವೋಲ್ಟ್‌ಗೆ ಇಳಿದು ನಿಂತರೆ ಸೆನ್ಸರ್ ಚೆನ್ನಾಗಿದೆ. ಇಳಿಯದಿದ್ದರೂ ಸೆನ್ಸರ್ ಬದಲಿಸುವ ಮುಂಚೆ ಅದಕ್ಕೆ ಬರುವ ತೆಳು ವ್ಯಾಕ್ಯೂಮ್ ಪೈಪ್ ಕೈಯಲ್ಲಿ ಬಗ್ಗಿಸಿ ನೋಡಿ. ಇಷ್ಟು ವರ್ಷದ ರಬ್ಬರ್ ಸೀಳಿರುವ ಸಾಧ್ಯತೆಯೇ ಹೆಚ್ಚು.

ನಿಜವಾದ ತೊಂದರೆ ಕೂಲೆಂಟ್ ಸೆನ್ಸರ್‌ನಲ್ಲಿದೆ ಎಂದೇ ನನಗೆ ಅನ್ನಿಸುತ್ತದೆ. ಈ ಸೆನ್ಸರ್ ತಣ್ಣಗಿದ್ದಾಗ ಅದರ ರೆಸಿಸ್ಟೆನ್ಸ್ (ಕರೆಂಟಿಗೆ ಒಡ್ಡುವ ತಡೆ, ಅಳೆಯುವುದು ಓಮ್‌ನಲ್ಲಿ) ಹೆಚ್ಚು, ಬಿಸಿಯಾದಂತೆ ಇಳಿಯುತ್ತದೆ. ಎಷ್ಟು ಇಳಿಯುತ್ತದೆ ಎಂಬುದು ಒಂದೊಂದು ಕಂಪನಿಗೆ ಒಂದೊಂದು ಥರ. ಸಿಯೆಲೊದ ಇಸಿಎಂ (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಜನರಲ್ ಮೋಟರ್ಸ್ ಲೆಕ್ಕದ್ದು: 20 ಡಿಗ್ರಿಯಲ್ಲಿ 3,520 ಓಮ್, 80 ಡಿಗ್ರಿಯಲ್ಲಿ 332 ಓಮ್. ಬಾಷ್ ಲೆಕ್ಕದ ಸೆನ್ಸರ್ 20 ಡಿಗ್ರಿಯಲ್ಲಿ ಸುಮಾರು 2,500, 80 ಡಿಗ್ರಿಯಲ್ಲಿ ಸುಮಾರು 320 ಓಮ್ ತೋರಿಸುತ್ತದೆ. ಅಂದರೆ ಬಿಸಿಯಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ, ತಣ್ಣಗಿದ್ದಾಗ ಮಾತ್ರ ದೂರ ದೂರ. ನಿಮ್ಮ ಗಾಡಿಗೆ ಬಾಷ್ ಮಾದರಿಯದು ಕೂತಿದ್ದರೆ, ಹೊರಗೆ 14 ಡಿಗ್ರಿ ಇರುವ ಡಿಸೆಂಬರ್ ಬೆಳಗ್ಗೆ ಇಸಿಎಂ ಅದನ್ನು 22 ಡಿಗ್ರಿ ಎಂದುಕೊಳ್ಳುತ್ತದೆ, ಪೆಟ್ರೋಲ್ ಕಡಿಮೆ ಬಿಡುತ್ತದೆ. ಇಂಜೆಕ್ಟರ್, ಪ್ಲಗ್ ಎಲ್ಲ ಹೊಸದಾಗಿದ್ದರೆ ಎಂಜಿನ್ ಇಷ್ಟನ್ನು ತಡೆದುಕೊಂಡೀತು, ಹಳೇ ಎಂಜಿನ್‌ಗೆ ಆಗುವುದಿಲ್ಲ. ನೀವು ಹೇಳಿದ ಲಕ್ಷಣ ಇದಕ್ಕೇ ಹೊಂದುತ್ತದೆ.

ಇದನ್ನು ಮನೆಯಲ್ಲೇ ಖಚಿತ ಮಾಡಿಕೊಳ್ಳಬಹುದು. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಸೆನ್ಸರ್ ಬಿಚ್ಚಿ, ಎರಡೂ ಪಿನ್‌ಗೆ ಮಲ್ಟಿಮೀಟರ್ ಕ್ಲಿಪ್ ಸಿಕ್ಕಿಸಿ, ಹಿತ್ತಾಳೆಯ ತುದಿಯನ್ನಷ್ಟೇ ಐಸ್ ಪುಡಿ ತುಂಬಿದ ಲೋಟದ ನೀರಿಗೆ ಇಳಿಬಿಡಿ. ಪಿನ್ ಒದ್ದೆಯಾಗಬಾರದು. ಅಂಕಿ ಏರುತ್ತಾ ಹೋಗುತ್ತದೆ, ನಿಲ್ಲುವವರೆಗೆ ಕಾಯಿರಿ. 9,400ರ ಆಸುಪಾಸು ನಿಂತರೆ ನಿಮ್ಮ ಗಾಡಿಗೆ ಸರಿ. ಆರು ಸಾವಿರದ ಹತ್ತಿರವೇ ನಿಂತರೆ ಅದು ಬೇರೆ ಗಾಡಿಯ ಸೆನ್ಸರ್. ಆಮೇಲೆ ಕುದಿಯುವ ನೀರು. ನಿಮ್ಮೂರಲ್ಲಿ ನೀರು 97 ಡಿಗ್ರಿಗೇ ಕುದಿಯುವುದರಿಂದ 200 ಓಮ್‌ಗೆ ಹತ್ತಿರ ಬಂದರೆ ಸಾಕು. ಕುದಿನೀರಿನಲ್ಲಷ್ಟೇ ಪರೀಕ್ಷಿಸಿ 'ಸೆನ್ಸರ್ ಓಕೆ' ಎಂದು ಹೇಳುವವರನ್ನು ನಂಬಬೇಡಿ, ವ್ಯತ್ಯಾಸ ಗೊತ್ತಾಗುವುದು ಐಸ್‌ನಲ್ಲೇ. ಸೆನ್ಸರ್ ಬಿಚ್ಚಿರುವಾಗಲೇ ಕಪ್ಲರ್ ಒಳಗೂ ಟಾರ್ಚ್ ಬಿಟ್ಟು ನೋಡಿ. ಪಿನ್‌ಗಳ ಮೇಲೆ ಹಸಿರು ಕಿಲುಬು ಇದ್ದರೆ ಹೊಸ ಸೆನ್ಸರ್ ಹಾಕಿದರೂ ಸುಳ್ಳು ಅಂಕಿಯೇ ಹೋಗುತ್ತದೆ. ಕೀ ಆನ್ ಮಾಡಿದಾಗ ಕಪ್ಲರ್‌ನ ಎರಡು ಪಿನ್ ನಡುವೆ 5 ವೋಲ್ಟ್ ಇರಬೇಕು.

ಇನ್ನು ಹುಡುಕುವ ಮಾತು. ಕಂಪನಿ ಹೋಯಿತೆಂದು ಧೈರ್ಯಗೆಡಬೇಡಿ. ಒಪೆಲ್ ಕಡೆಟ್‌ನಿಂದ ಬಂದ ಈ ಗಾಡಿ ನೆಕ್ಸಿಯಾ ಎಂಬ ಹೆಸರಲ್ಲಿ ಉಜ್ಬೇಕಿಸ್ತಾನದಲ್ಲಿ 2016ರವರೆಗೂ ತಯಾರಾಗುತ್ತಿತ್ತು. ಹಾಗಾಗಿ ಅಂಗಡಿಯಲ್ಲಾಗಲಿ ಆನ್‌ಲೈನ್‌ನಲ್ಲಾಗಲಿ 'ಸಿಯೆಲೊ' ಎಂದಷ್ಟೇ ಕೇಳದೆ 'ನೆಕ್ಸಿಯಾ 1.5' ಎಂದೂ ಕೇಳಿ. ಷೆವರ್ಲೆ ಆಪ್ಟ್ರಾ, ಏವಿಯೊ ಕೂಡ ಡೇವೂ ಮೂಲದವೇ. ಅವುಗಳ ಪೆಟ್ರೋಲ್ ಎಂಜಿನ್ ಸೆನ್ಸರ್‌ಗಳನ್ನೂ ನೋಡಿ. ಗಾಡಿ ಬಿಡಿಭಾಗದ ಅಂಗಡಿಗಳಿರುವ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗುವಾಗ ಒಡೆದ ಹಳೇ ಸೆನ್ಸರ್, ಮಲ್ಟಿಮೀಟರ್ ಎರಡೂ ಜೊತೆಗಿರಲಿ. ಹಳೆಯದರ ಮೇಲೆ ಅಚ್ಚಾಗಿರುವ ನಂಬರನ್ನು ಸೀಮೆಎಣ್ಣೆ ಬಟ್ಟೆಯಿಂದ ಒರೆಸಿ ಫೋಟೊ ತೆಗೆದುಕೊಳ್ಳಿ. ನಂಬರ್ ಹೊಂದದಿದ್ದರೂ ಅಂಗಡಿಯಲ್ಲೇ ಓಮ್ ಅಳೆದು ನೋಡಿ. 25 ಡಿಗ್ರಿ ಇದ್ದರೆ 2,800ರ ಹತ್ತಿರ ಬರಬೇಕು. ಅಳೆಯಲು ಬಿಡದ ಅಂಗಡಿಯಿಂದ ಎದ್ದು ಬನ್ನಿ. ಶಿವಾಜಿನಗರದ ಗುಜರಿಯಲ್ಲಿ ಸೆನ್ಸರ್ ಕೊಳ್ಳುವುದಕ್ಕಿಂತ ಒಳ್ಳೆಯ ಕಪ್ಲರ್ ಅನ್ನು ಅರ್ಧ ಅಡಿ ವೈರ್ ಸಮೇತ ಕತ್ತರಿಸಿ ತರುವುದು ಹೆಚ್ಚು ಲಾಭ.

ಒಂದೇ ವೈರಿನ ಸೆನ್ಸರ್ ಕೊಟ್ಟರೆ ತೆಗೆದುಕೊಳ್ಳಬೇಡಿ, ಅದು ಡ್ಯಾಶ್‌ಬೋರ್ಡ್ ಮೀಟರ್‌ದು. ಇಸಿಎಂಗೆ ಹೋಗುವುದು ಎರಡು ವೈರಿನದು. ಲೆಕ್ಕ ಹೊಂದದ ಸೆನ್ಸರ್‌ಗೆ ಸಾಲಿನಲ್ಲಿ ಒಂದು ರೆಸಿಸ್ಟರ್ ಬೆಸೆದು ಕೊಡುತ್ತೇನೆ ಎನ್ನುವವರೂ ಸಿಗುತ್ತಾರೆ. ಬೇಡವೇ ಬೇಡ. ತಣ್ಣಗಿದ್ದಾಗ ಸರಿಹೋದರೆ ಬಿಸಿಯಲ್ಲಿ ಎಂಜಿನ್ ಇನ್ನೂ ಬಿಸಿಯಾಗಿಲ್ಲ ಎಂದು ಇಸಿಎಂ ಪೆಟ್ರೋಲ್ ಸುರಿಯುತ್ತಲೇ ಇರುತ್ತದೆ, ಮೈಲೇಜ್ ಹೋಗುತ್ತದೆ, ಪ್ಲಗ್ ಕಪ್ಪಾಗುತ್ತದೆ. ಸರಿಯಾದ ಸೆನ್ಸರ್ ಸಿಕ್ಕಿದ ದಿನ ಎರಡು ಕೊಂಡುಬಿಡಿ.